ಜೆಟ್ಟಿನೊಳಗಿನ ಹಿಡಿಸೂಡಿ ಕಡ್ಡಿ

ಬೇರೆ ಯಾರಾದರೂ ಆಗಿದ್ದರೆ ಅಷ್ಟು ಹೊತ್ತಿಗೆ ಕೈಚೆಲ್ಲಿ ಎದ್ದು ಹೋಗುತ್ತಿದ್ದರು. ಝಕರಿಯಾನಿಗೆ ಆ ಭಾಗ್ಯವಿರಲಿಲ್ಲ.

ಬ್ಯಾರಿಗಳಲ್ಲಿ ಹೆಂಡತಿಯ ಮನೆಗೆ ಬಂದ ಅಳಿಯ ತಲೆ ನರೆತರೂ ಪುದಿಯಾಪ್ಲೆ, ಅಂದರೆ ಮದುಮಗನೇ. ಅವನಿಗೆ ಒಳ್ಳೆಯ ಕುರ್ಚಿ, ಕೋಳಿಯ ಒಳ್ಳೆಯ ತುಂಡು. ಕೆಲಸ ಮಾತ್ರ ಹೇಳುವಂತಿಲ್ಲ. ಆದರೆ ಬಹರೈನಿನಲ್ಲಿ ತಾನು ದೋಣಿ ಮೋಟಾರಿನ ಮೆಕ್ಯಾನಿಕ್ ಎಂದು ಮೂರು ವರ್ಷ ಕೊಚ್ಚಿಕೊಂಡವನು ಯಾರು? ಇವನೇ. ಅಸಲಿಗೆ ಅಲ್ಲಿ ಅವನದ್ದು ದೋಣಿ ತೊಳೆಯುವ ಕೆಲಸ; ಈಗ ರಜೆಯಲ್ಲಿ ಊರಿಗೆ ಬಂದಿದ್ದ.

ಬಂಟ್ವಾಳದ ಹೊಳೆ ದಾಟುವ ಕಡವಿನಲ್ಲಿ ಮಾವ ನಿಝಾಮುದ್ದೀನರ ದೋಣಿಗೆ ಮೋಟಾರು ಬಂದದ್ದು ಹೋದ ವರ್ಷ. ಇವತ್ತು ಮಧ್ಯಾಹ್ನ ಕಿರಿಮಗಳು ಶಬ್ನಾಳನ್ನು ನೋಡಲು ಹುಡುಗನ ಕಡೆಯವರು ಆಚೆ ದಡದಿಂದ ಬರುವವರಿದ್ದರು. ಸೇತುವೆ ಸುತ್ತಿ ಜೀಪಿನಲ್ಲಿ ಬರಬಹುದಿತ್ತು. ಮಾವ ಕೇಳಬೇಕಲ್ಲ! ತನ್ನ ಮೋಟಾರು ದೋಣಿಯಲ್ಲೇ ಕರೆತರುವ ಹಟ. ಬೆಳಿಗ್ಗೆ ಮೋಟಾರು ಕೆಮ್ಮಿದ್ದೇ ತಡ, ಕಾರ್ಬೊರೇಟರ್ ಬಿಚ್ಚಿ, ಪೆಟ್ರೋಲು ಹಾಯುವ ಜೆಟ್ಟಿನ ತೂತಿಗೆ ಹಿಡಿಸೂಡಿಯ, ಅಂದರೆ ಪೊರಕೆಯ, ಕಡ್ಡಿ ಹಾಕಿ ತಿವಿದರು. ಸೀಮೆಎಣ್ಣೆ ಸ್ಟವ್ವಿಗೆ ನಡೆಯುವುದು ಇದಕ್ಕೂ ನಡೆಯುತ್ತದೆಂಬ ನಂಬಿಕೆ. ಕಡ್ಡಿ ಒಳಗೇ ಮುರಿಯಿತು. ಜೆಟ್ಟನ್ನೇ ತೆಗೆಯಹೋಗಿ ಅದರ ಹಿತ್ತಾಳೆಯ ತಲೆಯನ್ನೂ ಮುರಿದರು. ಆಮೇಲೆ ನಿರಾಳವಾಗಿ ಅಳಿಯನ ಮುಂದಿಟ್ಟರು.

"ನಿಮಗೆ ಇದೆಲ್ಲ ಎರಡು ನಿಮಿಷದ ಕೆಲಸ ಅಲ್ವಾ?"

ಗಂಟೆ ಹನ್ನೊಂದಾಯಿತು. ಸ್ಕ್ರೂಡ್ರೈವರು ಹಿಡಿಯಲು ಜೆಟ್ಟಿನಲ್ಲಿ ಸೀಳೇ ಉಳಿದಿರಲಿಲ್ಲ. ಜಗಲಿಯಲ್ಲಿ ಮನೆಯವರು, ನೆರೆಯವರು ಅಷ್ಟೂ ಜನ ಕತ್ತು ಚಾಚಿ ನೋಡುತ್ತಿದ್ದರು. ಝಕರಿಯಾನ ಬೆನ್ನು ಒದ್ದೆಯಾಯಿತು. ಕಾರ್ಬೊರೇಟರನ್ನು ಎತ್ತಿಕೊಂಡು ನೇರ ಅಡುಗೆಮನೆಗೆ ನಡೆದ. ಅಲ್ಲಿ ಹೆಂಡತಿ ಹಫ್ಸ ಒಬ್ಬಳೇ ಇದ್ದಳು.

"ಹಫ್ಸ, ನಾನು ಮೆಕ್ಯಾನಿಕ್ ಅಲ್ಲ. ಅಲ್ಲಿ ದೋಣಿ ತೊಳೆಯುವವ. ಈಗಲೇ ನಿನ್ನ ಬಾಪನಿಗೆ ಹೇಳಿಬಿಡ್ತೇನೆ."

ಹಫ್ಸ ಸೌಟು ಕೆಳಗಿಡಲಿಲ್ಲ. "ಗೊತ್ತುಂಟು. ನೀವು ಕಳಿಸಿದ ಫೋಟೋದಲ್ಲಿ ಎಲ್ಲರ ಕೈಯಲ್ಲಿ ಸ್ಪ್ಯಾನರ್, ನಿಮ್ಮ ಕೈಯಲ್ಲಿ ಬ್ರಷ್ಷು."

"ಮತ್ತೆ?"

"ಮತ್ತೇನಿಲ್ಲ. ಹೇಳ್ಬೇಡಿ. ಮೆಕ್ಯಾನಿಕ್‌ನ ನಾದಿನಿ ಅಂತಲೇ ಅವರು ಶಬ್ನಾಳನ್ನು ನೋಡ್ಲಿಕ್ಕೆ ಬರುವುದು."

ತಪ್ಪಿಸಿಕೊಳ್ಳಲು ಇದ್ದ ಒಂದು ಬಾಗಿಲನ್ನೂ ಅವಳು ಹಾಕಿದಳು. ಝಕರಿಯಾ ಒಲೆಯ ಮೇಲೆ ಕುದಿಯುತ್ತಿದ್ದ ನೀರನ್ನೇ ನೋಡುತ್ತ ನಿಂತ. ಬಹರೈನಿನಲ್ಲಿ ಬಕೆಟ್ಟು ಹಿಡಿದು ನಿಂತಾಗ ಕಂಡದ್ದು ನೆನಪಾಯಿತು. ಅಲ್ಲಿನ ಮಲಯಾಳಿ ಮೇಸ್ತ್ರಿ ಇಂಥದ್ದನ್ನು ಮೊದಲು ಬಿಸಿ ಮಾಡುತ್ತಿದ್ದ. ಆಮೇಲೆ ಅರದ ಚೂಪು ಬಾಲವನ್ನು ತೂತಿಗೆ ಮೆಲ್ಲನೆ ಬಡಿದು ಎಡಕ್ಕೆ ತಿರುಗಿಸುತ್ತಿದ್ದ.

ಕಾರ್ಬೊರೇಟರನ್ನು ಕುದಿನೀರಿಗೆ ಇಳಿಸಿದ. ಕೈಬಟ್ಟೆಯಲ್ಲಿ ಹಿಡಿದು ಹೊರತೆಗೆದು, ಮಾವನ ಸಣ್ಣ ಅರದ ಬಾಲವನ್ನು ತೂತಿಗೆ ಬಡಿದು ತಿರುಗಿಸಿದ. ಟಕ್ಕೆಂದಿತು. ಕಡ್ಡಿಯ ಚೂರಿನ ಸಮೇತ ಜೆಟ್ಟು ಹೊರಬಂತು. ಅವನ ಎದೆ ಹಗುರಾಯಿತು. ತಾಮ್ರದ ತಂತಿಯಿಂದ ಕಡ್ಡಿಯನ್ನು ನೂಕಿ, ಅರದಿಂದ ಜೆಟ್ಟಿಗೆ ಹೊಸ ಸೀಳು ಕೊರೆದು ಮತ್ತೆ ಕೂರಿಸಿದ. ಒಂದು ಗಂಟೆಗೆ ಮೋಟಾರು ಹೊಳೆ ತುಂಬ ಗುಡುಗಿತು.

ಊಟವಾಯಿತು, ಶಬ್ನಾ ಒಪ್ಪಿಗೆಯಾದಳು. ಹುಡುಗನ ತಂದೆ ಎಲೆಯಡಿಕೆ ಬಾಯಿಗಿಟ್ಟು ಝಕರಿಯಾನ ಕಡೆ ತಿರುಗಿದರು.

"ದೋಣಿಯಲ್ಲಿ ಬರುವಾಗ ನಿಮ್ಮ ಮಾವ ಎಲ್ಲ ಹೇಳಿದ್ರು. ನಮ್ಮ ಅಝೀಮ ಇಲ್ಲಿ ಗ್ಯಾರೇಜಲ್ಲಿದ್ದಾನೆ. ಆ ಕೆಲಸ ಬಿಡಿಸ್ತೇನೆ. ನೀವು ಬಹರೈನಿಗೆ ಕರ್ಕೊಂಡು ಹೋಗಿ ನಿಮ್ಮ ಕೈಕೆಳಗೆ ಇಟ್ಕೊಳ್ಳಿ."

"ಅದಕ್ಕೇನು ಮಾರಾಯ್ರೆ, ನಾನು ಮಾತು ಕೊಟ್ಟಾಯ್ತಲ್ಲ!" ಎಂದರು ಮಾವ.

ಹುಡುಗ ಅಝೀಮ್ ಎದ್ದು ಬಂದು ಎರಡೂ ಕೈಯಿಂದ ಝಕರಿಯಾನ ಕೈ ಹಿಡಿದ. ಬೆರಳ ಸಂದಿಯಲ್ಲಿ ಗ್ರೀಸಿನ ಕರೆ, ಉಗುರಿನಡಿಯಲ್ಲಿ ಮಸಿ. ಅದು ಅಸಲಿ ಮೆಕ್ಯಾನಿಕ್‌ನ ಕೈ. ಒಳಬಾಗಿಲಿನ ಪರದೆಯ ಕೆಳಗೆ ಹಫ್ಸಳ ಪಾದಗಳು ಕಾಣುತ್ತಿದ್ದವು, ಅಲುಗಲಿಲ್ಲ.

ಆ ಜೆಟ್ಟು ಅಲ್ಲಿಯೇ ಸಿಕ್ಕಿಕೊಂಡಿರಬಾರದಿತ್ತೇ ಎನಿಸಿ ಝಕರಿಯಾನಿಗೆ ಅಳು ಬಂತು.

"ಆಗ್ಬಹುದು," ಎಂದ.