ಮೆಂತ್ಯದ ಡಬ್ಬಿ

ಎರಡನೆಯ ಮುದ್ದೆ ಮುಗಿಸಿ ಮೂರನೆಯದಕ್ಕೆ ಕೈ ಅಡ್ಡ ಹಿಡಿಯದೆ ಕೂತ ರಾಮಾಂಜಿನಪ್ಪ, ಹುಡುಗಿಗೆ ಮೆಟ್ಟಿರುವುದು ಹೆಣ್ಣುಗಾಳಿಯೇ ಎಂದು ತೀರ್ಪು ಕೊಟ್ಟ. ಗಂಡುಗಾಳಿಯಾದರೆ ಒಂದು ಹೊಗೆಗೇ ಓಡಿಹೋಗುತ್ತದಂತೆ, ಹೆಣ್ಣಿಗೆ ಹಟ ಜಾಸ್ತಿಯಂತೆ. ಆದ್ದರಿಂದ ಈಗ ಇಲ್ಲೇ ಮೆಣಸಿನಕಾಯಿ ಹೊಗೆ ಹಾಕಿ, ಸಂಜೆಗೆ ಹುಡುಗಿಯನ್ನು ನಂದಗುಡಿ ಕಡೆ ಇರುವ ತನ್ನ ಗುಡಿಗೆ ಕರೆದೊಯ್ದು, ಮೂರು ದಿನ ಇಟ್ಟುಕೊಂಡು ಕಳಿಸುತ್ತಾನಂತೆ. ತಾಯಿ ಮಾತ್ರ ಜೊತೆಗೆ ಬರಕೂಡದು. ಬಂದರೆ ಗಾಳಿ ಕರುಳಿನ ದಾರಿ ಹಿಡಿದು ಮತ್ತೆ ಒಳಗೆ ನುಗ್ಗುತ್ತದೆ.

ತಾಯಿ ಜ್ಯೋತಿಲಕ್ಷ್ಮಿ ಅವನ ತಟ್ಟೆಗೆ ಮೂರನೆಯ ಮುದ್ದೆ ಹಾಕಿ ಕೋಳಿಸಾರು ಬಿಟ್ಟಳು. ಗಾಳಿ ಬಿಡಿಸಲು ಬಂದವನು ತನ್ನ ಹೊಟ್ಟೆಯಲ್ಲಿ ಗಾಳಿಯಾಡಲೂ ಜಾಗ ಬಿಡದೆ ತುಂಬಿಸುತ್ತಿದ್ದುದನ್ನು ಬೇರೆ ದಿನವಾಗಿದ್ದರೆ ನೋಡಿ ನಗಬಹುದಿತ್ತು. ಆದರೆ ಹಿತ್ತಲಿನ ರೇಷ್ಮೆ ಹುಳುಮನೆಗೆ ಅಂಟಿಕೊಂಡ ಸೊಪ್ಪಿನ ಕೋಣೆಯಿಂದ ಮಗಳು ರಮ್ಯಳ ದನಿ ಕೇಳುತ್ತಿತ್ತು. ಹೊರಗಿನಿಂದ ಚಿಲಕ ಹಾಕಿದ್ದರು. ಅವಳು ಬೈಯುತ್ತಿದ್ದಳು, ನಡುವೆ ನಗುತ್ತಿದ್ದಳು, ನಗುತ್ತಲೇ ಅಳುತ್ತಿದ್ದಳು. ಒಂದು ಮಾತು ಮುಗಿಯುವ ಮೊದಲೇ ಇನ್ನೊಂದು ಅದರ ಬೆನ್ನೇರುತ್ತಿತ್ತು.

ಹದಿನಾರರ ಹುಡುಗಿ. ವಿಜಯಪುರದ ಕಾಲೇಜಿನಲ್ಲಿ ಮೊದಲ ಪಿಯುಸಿ. ಹನ್ನೆರಡು ದಿನದಿಂದ ಮಲಗಿಲ್ಲ. ಕೆಮಿಸ್ಟ್ರಿ ಮೇಷ್ಟ್ರಿಗೆ ನೀವು ಕೂತ್ಕೊಳ್ಳಿ, ನಾನು ಪಾಠ ಮಾಡುತ್ತೇನೆ ಎಂದು ಚಾಕ್‌ಪೀಸ್ ಕಿತ್ತುಕೊಂಡಿದ್ದಳು. ಮನೆಗೆ ಬಂದು ಪಡಸಾಲೆಯ ಗೋಡೆ ತುಂಬ ಸ್ಕೆಚ್‌ಪೆನ್ನಿನಲ್ಲಿ ಏನೇನೋ ಬರೆದು, ಯಾಕೆ ಎಂದು ಕೇಳಿದ ಅಜ್ಜಿಯ ಮೇಲೆ ಚೊಂಬು ಎಸೆದಿದ್ದಳು. ಮನೆಯವರು ಒಬ್ಬೊಬ್ಬರೂ ಒಂದೊಂದು ಕಾರಣ ಹೇಳಿದರು. ಅಜ್ಜಿ ಅಮ್ಮಯಮ್ಮನ ಪ್ರಕಾರ ಅದು ಕೊಬ್ಬು. ಅಪ್ಪ ಸುನಿಲ್‌ಕುಮಾರ್ ಪ್ರಕಾರ ಮೊಬೈಲು. ಅಕ್ಕಪಕ್ಕದವರ ಪ್ರಕಾರ ಯಾವನೋ ಒಬ್ಬ. ಕೊಬ್ಬೂ ಮೊಬೈಲೂ ಯಾವನೋ ಒಬ್ಬನೂ ಕೈಗೆ ಸಿಗದಿದ್ದಾಗ ಎಲ್ಲರೂ ಸೇರಿ ಗಾಳಿಯನ್ನು ಒಪ್ಪಿಕೊಂಡರು.

ಜ್ಯೋತಿಲಕ್ಷ್ಮಿಗೆ ಗಾಳಿಯ ಮೇಲೆ ಸಿಟ್ಟಿರಲಿಲ್ಲ. ಈ ಮನೆಯವರ ಜಾಣತನದ ಮೇಲೆ ಹೇಸಿಗೆ ಇತ್ತು. ಅಮ್ಮಯಮ್ಮ ರೇಷ್ಮೆಹುಳದ ವಿಷಯದಲ್ಲಿ ಸುತ್ತಲ ಹಳ್ಳಿಗೆಲ್ಲ ಡಾಕ್ಟರು. ಹುಳ ಪೊರೆ ಬಿಡಲು ನಿದ್ದೆಗೆ ಕೂರುವುದಕ್ಕೆ ಇಲ್ಲಿ ಜ್ವರ ಅನ್ನುತ್ತಾರೆ. ಅಂಥ ನಾಲ್ಕು ಜ್ವರದಲ್ಲಿ ಯಾವ ಜ್ವರದ ಹುಳಕ್ಕೆ ಯಾವ ರೋಗ ಹೇಗೆ ಕಾಣುತ್ತದೆಂದು ಮುದುಕಿ ಕಣ್ಣಿನಲ್ಲೇ ಹೇಳುತ್ತಿದ್ದಳು. ಕೂಲಿಗೆ ಬಂದ ಹೆಂಗಸರಿಗೆ ಪಾಠವನ್ನೂ ಮಾಡುತ್ತಿದ್ದಳು: ಒಂದೇ ರೋಗ ಕಣ್ರೇ, ಸಣ್ಣ ಹುಳಕ್ಕೆ ಬಂದ್ರೆ ಒಂಥರ, ದೊಡ್ಡದಕ್ಕೆ ಬಂದ್ರೆ ಇನ್ನೊಂಥರ, ಮೋಸ ಹೋಗ್ಬೇಡಿ. ಹುಳದ ವಿಷಯದಲ್ಲಿ ಇಷ್ಟು ಹುಷಾರಾದ ಮುದುಕಿ ಮನುಷ್ಯರ ವಿಷಯ ಬಂದಾಗ ಮೂರು ಸಲ ಮೋಸಹೋಗಿದ್ದಳು, ಮೂರೂ ಸಲ ಖುಷಿಯಿಂದ.

ಮೊದಲನೆಯದು ಮಗನದು. ಜ್ಯೋತಿಲಕ್ಷ್ಮಿ ಮದುವೆಯಾಗಿ ಬಂದಾಗಲೇ ಸುನಿಲ್ ದಿನವೂ ಮಲಗುವ ಮುಂಚೆ ಮೆಂತ್ಯದ ಡಬ್ಬಿಯಿಂದ ಮಾತ್ರೆ ತೆಗೆದು ನುಂಗುತ್ತಿದ್ದ. ಗ್ಯಾಸ್ಟ್ರಿಕ್ ಎಂದರು, ನಂಬಿದಳು. ಮೂವತ್ತೊಂದನೆಯ ವಯಸ್ಸಿನಲ್ಲಿ ಗ್ಯಾಸ್ಟ್ರಿಕ್ ವಾಸಿಯಾಯಿತೆಂದು ಅವನು ಮಾತ್ರೆ ಬಿಟ್ಟ. ಬಿಟ್ಟವನು ನಲವತ್ತು ದಿನ ದಿನಕ್ಕೆ ಎರಡು ಗಂಟೆಯೂ ಮಲಗದೆ ಊರ ಉದ್ಧಾರಕ್ಕೆ ನಿಂತ. ವಿಜಯಪುರ ಬಸ್‌ಸ್ಟ್ಯಾಂಡಿನಿಂದ ಚನ್ನರಾಯಪಟ್ಟಣದವರೆಗೆ ಕಂಬಕ್ಕೊಂದು ಫ್ಲೆಕ್ಸ್, ಫ್ಲೆಕ್ಸಿಗೊಂದು ಅವನ ನಗು. ಡಾಂಬರು ಕಾಣದ ರಸ್ತೆಗೆ ಸ್ವಾಗತ ಕಮಾನು. ಜಮೀನು ಉಳಿಸುವ ಸಭೆಯಲ್ಲಿ ಮೂರು ಗಂಟೆ ಭಾಷಣ, ಕೊನೆಗೆ ತನ್ನದೇ ಹಿಪ್ಪುನೇರಳೆ ತೋಟವನ್ನು ಕ್ರಿಕೆಟ್ ಸ್ಟೇಡಿಯಮ್ಮಿಗೆ ದಾನ ಮಾಡಿದೆನೆಂಬ ಘೋಷಣೆ. ಊರವರು ಹಾರ ಹಾಕಿದರು, ಲೀಡರ್ ಎಂದರು. ಅಮ್ಮಯಮ್ಮ ದೃಷ್ಟಿ ತೆಗೆದಳು. ಆಮೇಲೆ ಲೀಡರು ಎಂಟು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಚೀಟಿ ಕೈಗೆ ಸಿಕ್ಕಾಗಲೇ ಹೆಂಡತಿಗೆ ವಿಷಯ ತಿಳಿದದ್ದು. ಊರಿಗೆ ಇವತ್ತಿಗೂ ಅದು ಗ್ಯಾಸ್ಟ್ರಿಕ್. ಎರಡು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗುವಾಗ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಎಂದು ಹೇಳಿ ಹೋಗುತ್ತಾನೆ, ಗೂಡಿಲ್ಲದ ಚೀಲ ಹಿಡಿದು.

ಎರಡನೆಯದು ಮಾವ ಅಪ್ಪಯ್ಯಣ್ಣನದು. ಮೂರು ವರ್ಷದ ಹಿಂದೆ, ಎಪ್ಪತ್ತೊಂದರ ವಯಸ್ಸಿನಲ್ಲಿ. ಫ್ಲೆಕ್ಸೂ ಇಲ್ಲ, ಭಾಷಣವೂ ಇಲ್ಲ. ಮುದುಕ ಬರೀ ಸಿಡಿಮಿಡಿ. ಹಾಲಿನಲ್ಲಿ ವಿಷ ಇದೆ ಎಂದ, ವಾರ ಯಾವುದೆಂದು ಮರೆತ, ಬೆಳಕು ಹರಿಯುವ ಮೊದಲೇ ಟವೆಲ್ ಹೊದ್ದು, ಎಂದೋ ಸತ್ತ ತಹಶೀಲ್ದಾರನನ್ನು ನೋಡಲು ದೇವನಹಳ್ಳಿಗೆ ಹೊರಟ. ಅರಳುಮರಳು ಎಂದು ಎಲ್ಲರೂ ನಕ್ಕು ಗೇಟಿಗೆ ಸರಪಳಿ ಹಾಕಿದರು. ಯಾವತ್ತೋ ಅದು ತಾನಾಗಿ ಇಳಿಯಿತು. ಅಂದಿನಿಂದ ಮುದುಕ ಜಗುಲಿಯ ಮೇಲೆ ಕೂತವನು ಮಾತಾಡಿದ್ದು ಕಡಿಮೆ.

ಅಪ್ಪನದು ಲೀಡರ್‌ಗಿರಿ, ತಾತನದು ಅರಳುಮರಳು, ಮಗಳದು ಗಾಳಿ. ಆದರೆ ಈ ಮನೆಯಲ್ಲಿ ಬೆಳಗ್ಗೆ ಹಾಸಿಗೆ ಸುತ್ತುವವಳು ಜ್ಯೋತಿಲಕ್ಷ್ಮಿ. ಮೂರು ಸಲವೂ ಅವಳ ಕೈಗೆ ಹಾಸಿಗೆ ಸುಕ್ಕಿಲ್ಲದೆ, ಬೆಚ್ಚಗಿಲ್ಲದೆ, ಹಾಸಿದ ಹಾಗೇ ಸಿಕ್ಕಿತ್ತು.

ನಿನ್ನೆ ಗಂಡನಿಗೆ ಹೇಳಿ ನೋಡಿದ್ದಳು. ನಿಮ್ಮದೇ ಇದು, ನಿಮ್ಮ ಡಾಕ್ಟರ ಹತ್ತಿರವೇ ಕರೆದುಕೊಂಡು ಹೋಗೋಣ ಎಂದಿದ್ದಳು. ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ್ದ.

"ನಂದೇ ಬೇರೆ, ಇವಳ್ದೇ ಬೇರೆ. ನಾನು ಊರಿಗೆ ಏನೋ ಮಾಡಾಕೋಗಿದ್ದೆ. ಇವ್ಳು ಮೇಷ್ಟ್ರಿಗೆ ಬೈತಾಳೆ, ಅಜ್ಜಿಗೆ ಚೊಂಬು ಎಸೀತಾಳೆ. ಅದೂ ಇದೂ ಒಂದೇನೇ? ಆಮೇಲೆ ನಂಗೇನಾಗಿತ್ತು? ಗ್ಯಾಸ್ಟ್ರಿಕ್ಕು."

ಚೀಟಿ ಓದಿದ ಹೆಂಡತಿಗೇ ಗ್ಯಾಸ್ಟ್ರಿಕ್ ಎಂದವನನ್ನು ಅಲ್ಲೇ ಬಿಟ್ಟು, ಅವಳು ಎದ್ದು ಹೋಗಿ ಹುಳಕ್ಕೆ ಸೊಪ್ಪು ಹಾಕಿದ್ದಳು. ನಾಲ್ಕನೇ ಜ್ವರದಿಂದೆದ್ದ ಹುಳ, ಯಾರ ಮಾನಕ್ಕೂ ಕಾಯದೆ ತಿನ್ನುತ್ತದೆ.

ಈಗ ರಾಮಾಂಜಿನಪ್ಪ ಕೈ ತೊಳೆದು ಗೋಡೆಗೊರಗಿದ. ಮುಂದೆ ಮೊರದಲ್ಲಿ ಮೂರು ನಿಂಬೆಹಣ್ಣು, ಕುಂಕುಮ, ಒಣಮೆಣಸಿನಕಾಯಿ. ಹೊಗೆಗೆ ಕೆಂಡ ತರಲು ಹೇಳಿದವನು ಮಾತಿನ ನಡುವೆ ತೇಗಿದ. ಮತ್ತೆ ತೇಗಿದ. ಎದೆ ಹಿಡಿದುಕೊಂಡು ಮುಖ ಕಿವುಚಿದ.

"ಉರೀತದೆ ಕಣಮ್ಮ. ನಿಮ್ಮ ಸುನೀಲಪ್ಪನ ಮಾತ್ರೆ ಒಂದು ಕೊಡಿ."

ಅಮ್ಮಯಮ್ಮ ಥಟ್ಟನೆ ಸೋಡಾ ತರಿಸುವುದಾಗಿ ಹೇಳಿದಳು. ಮಜ್ಜಿಗೆ ಅಂದಳು, ಜೀರಿಗೆ ಅಂದಳು.

"ಅದೆಲ್ಲ ಯಾಕಮ್ಮ? ನೆಂಟ್ರಿಗೆಲ್ಲ ಗೊತ್ತು, ಇಪ್ಪತ್ತು ವರ್ಷದಿಂದ ಒಂದೇ ಮಾತ್ರೆಲಿ ಮಗನ್ನ ಗುಂಡುಕಲ್ಲಂಗೆ ಇಟ್ಕೊಂಡಿದ್ದೀರಿ. ನಮಗೊಂದು ಕೊಟ್ರೆ ಸವೆದೋಯ್ತದಾ?"

ಜ್ಯೋತಿಲಕ್ಷ್ಮಿ ಒಳಗೆ ಹೋಗಿ ಮೆಂತ್ಯದ ಡಬ್ಬಿ ತಂದಳು. ಅತ್ತೆಯ ಕಣ್ಣು ಅವಳ ಕೈಯನ್ನೇ ಹಿಂಬಾಲಿಸಿತು. ಒಂದು ಮಾತ್ರೆಯನ್ನು ಸುಲಿದು ರಾಮಾಂಜಿನಪ್ಪನ ಅಂಗೈಯಲ್ಲಿಟ್ಟಳು. ನೀರಿನ ಲೋಟವನ್ನು ಮಾತ್ರ ತನ್ನ ಕೈಯಲ್ಲೇ ಹಿಡಿದುಕೊಂಡು ಗಂಡನ ಕಡೆ ತಿರುಗಿದಳು.

"ಒಂದು ಸಾಕೇನ್ರೀ ಇವ್ರಿಗೆ? ದಿನಾ ನುಂಗೋರು ನೀವು. ನೀವೇ ಹೇಳಿ."

ಸುನಿಲ್ ಅಮ್ಮನನ್ನು ನೋಡಿದ. ಅಮ್ಮಯಮ್ಮ ಸೆರಗಿನ ತುದಿ ಹಿಂಡುತ್ತ ತೊಲೆಯನ್ನು ನೋಡುತ್ತಿದ್ದಳು. ಮಾತ್ರೆ ರಾಮಾಂಜಿನಪ್ಪನ ಹೊಟ್ಟೆಗೆ ಹೋಗಲಿ, ಮಗನ ಮಾತು ಹೊರಗೆ ಬಾರದಿರಲಿ ಎಂಬ ಪ್ರಾರ್ಥನೆ ಅವಳ ಮುಖದಲ್ಲಿ ಕಾಣುತ್ತಿತ್ತು. ಹಿತ್ತಲಿನಲ್ಲಿ ರಮ್ಯ ಬಾಗಿಲು ಬಡಿದಳು. "ನಾನು ಬರಲ್ಲ ಅವನ ಜೊತೆ! ಅಪ್ಪಾ, ಕೇಳಿಸ್ತಾ?" ರಾಮಾಂಜಿನಪ್ಪ ಬಾಯಿ ತೆರೆದು ಅಂಗೈ ಎತ್ತಿದ.

"ನುಂಗ್ಬೇಡಿ," ಎಂದ ಸುನಿಲ್.

"ಯಾಕಪ್ಪ, ಡೇಟ್ ಆಗೋಗಿದ್ಯಾ?"

"ಅದು ಹೊಟ್ಟೇದಲ್ಲ. ತಲೇದು." ಅವನು ನೆಲ ನೋಡುತ್ತಲೇ ಹೇಳಿದ. "ನಂದು. ಆವತ್ತು ಫ್ಲೆಕ್ಸ್ ಹಾಕ್ಸಿದ್ನಲ್ಲ, ಅದೂ ಇದೇ. ಈಗ ಮಗೀಗೂ ಅದೇ ಬಂದದೆ."

ರಾಮಾಂಜಿನಪ್ಪ ಮಾತ್ರೆಯನ್ನು ಕೆಂಡದಂತೆ ಮೊರಕ್ಕೆ ಹಾಕಿ ಅಂಗೈಯನ್ನು ಪಂಚೆಗೆ ಒರೆಸಿಕೊಂಡ. ಆದರೆ ಅವನೂ ಅಷ್ಟು ಸುಲಭಕ್ಕೆ ಮುದ್ದೆಯ ಋಣ ಬಿಡುವವನಲ್ಲ. ಒಂದು ಗಳಿಗೆ ಯೋಚಿಸಿ, ಹಾಗಿದ್ದರೆ ಇದು ವಂಶದ ಗಾಳಿ, ಮೂರು ದಿನ ಸಾಲದು, ಒಂಬತ್ತು ಬೇಕು ಎಂದ. ಸುನಿಲ್ ಎದ್ದು, ಮೊರವನ್ನು ಅವನ ಕಡೆ ಕಾಲಿನಿಂದ ಸರಿಸಿ, ಬಾಗಿಲ ಪಕ್ಕ ನಿಂತ. ಮರ್ಯಾದಸ್ಥರ ಮನೆ; ಹೊರಡಿ ಎನ್ನಲು ಅಷ್ಟೇ ಸಾಕಾಯಿತು. ಅಮ್ಮಯಮ್ಮನಿಗೆ ಮಾತ್ರ ಉಂಡವನನ್ನು ಉರಿಯಲ್ಲಿ ಕಳಿಸಲು ಮನಸ್ಸಾಗಲಿಲ್ಲ. ಮೊರದಲ್ಲಿದ್ದ ಮಂತ್ರದ ನಿಂಬೆಹಣ್ಣನ್ನೇ ಒಂದು ಕೊಯ್ದು, ಉಪ್ಪು ಹಾಕಿ, ನೀರಿಗೆ ಹಿಂಡಿ ಕೊಟ್ಟಳು. ಅವನು ಕುಡಿದೇ ಹೋದ.

ಜ್ಯೋತಿಲಕ್ಷ್ಮಿ ಆಗಲೇ ಸೊಪ್ಪಿನ ಕೋಣೆಯ ಚಿಲಕ ತೆಗೆದಿದ್ದಳು. ಬೆಂಗಳೂರಿನ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ರಮ್ಯ ತಲೆಯಲ್ಲಿ ಸೊಪ್ಪಿನ ಚೂರು ಅಂಟಿಸಿಕೊಂಡು ಹೊರಬಂದು ಅಮ್ಮನಿಗೂ ಬೈದಳು, ಅಪ್ಪನಿಗೂ ಬೈದಳು, ಬಸ್ಸಿಗೂ ಬೈದಳು.

"ಹುಳಕ್ಕೆ ಸೊಪ್ಪು ಯಾರು ಹಾಕ್ತಾರೆ?" ಅಮ್ಮಯಮ್ಮ ಕೇಳಿದಳು. ಇನ್ನು ಊರಿಗೆಲ್ಲ ಗೊತ್ತಾಗುತ್ತದಲ್ಲ ಎಂಬ ಅಳು ಆ ಪ್ರಶ್ನೆಯೊಳಗೆ ಅಡಗಿತ್ತು.

"ನೀವೇ ಹಾಕಿ ಅತ್ತೆ. ಯಾವ ವಯಸ್ಸಿನ ಹುಳಕ್ಕೆ ಏನು ಬಂದದೆ ಅಂತ ನಿಮ್ಗಿಂತ ಯಾರಿಗೆ ಗೊತ್ತಾಗ್ತದೆ?"

ಸುನಿಲ್ ಹಳೆಯ ಚೀಟಿಗಳನ್ನು ಗೂಡಿನ ಚೀಲಕ್ಕೆ ಹಾಕಿಕೊಂಡು, ಮೆಂತ್ಯದ ಡಬ್ಬಿಯನ್ನು ಕೈಯಲ್ಲೇ ಹಿಡಿದು ಜಗುಲಿಗೆ ಬಂದ. ಅಲ್ಲಿ ಕೂತಿದ್ದ ಅಪ್ಪಯ್ಯಣ್ಣ ಡಬ್ಬಿಯನ್ನು ನೋಡಿದ, ಮೊಮ್ಮಗಳನ್ನು ನೋಡಿದ. ಆಮೇಲೆ ಮಗನ ಮುಂದೆ ಅಂಗೈ ಚಾಚಿದ. ತೀರ್ಥಕ್ಕೆ ಚಾಚುವ ಹಾಗೆ, ಬೆರಳು ಸ್ವಲ್ಪ ಮಡಿಸಿ.

ಸುನಿಲ್ ಆ ಕೈಯನ್ನು ನೋಡಿ ಡಬ್ಬಿಯ ಮುಚ್ಚಳ ಬಿಗಿ ಮಾಡಿದ.

"ಹಂಗೆಲ್ಲ ಕೊಡಂಗಿಲ್ಲ ಅಪ್ಪ. ಡಾಕ್ಟ್ರೇ ನೋಡ್ಬೇಕು. ಚಪ್ಪಲಿ ಹಾಕ್ಕೊ."

ಮುದುಕ ಗಡಿಬಿಡಿಯಲ್ಲಿ ಎಡದ ಚಪ್ಪಲಿಗೆ ಬಲಗಾಲು ತುರುಕಿದ. ರಮ್ಯ ಬೈಯುವುದನ್ನು ನಿಲ್ಲಿಸದೆಯೇ ಮೆಟ್ಟಿಲ ಮೇಲೆ ಕೂತು, ಅವನ ಕಾಲೆತ್ತಿ, ಚಪ್ಪಲಿ ಅದಲುಬದಲು ಮಾಡಿ ತೊಡಿಸಿದಳು.