ಒದ್ದೆಯಾದರೆ ಕಾಣುವ ಗೋಡೆ

"ಬಳಿಯೇ ಬೇವರ್ಸಿ! ನೀನು ಗೀಚಿದ್ದನ್ನ ನೀನೇ ಬಳಿ! ನಿನ್ನ ಕೈಗೆ ಹುಳ ಬೀಳ!"

ಮೇಸ್ತ್ರಿ ಒದರುತ್ತಿದ್ದದ್ದು ಗೋಡೆಗೆ ಬೆನ್ನು ಹಾಕಿಕೊಂಡು. ತಿರುಗಿ ನೋಡುವ ಧೈರ್ಯ ಅವನಪ್ಪನಿಗೂ ಇರಲಿಲ್ಲ. ಪುರಸಭೆ ಅಧ್ಯಕ್ಷರ ಮನಸ್ಸಿಗೆ ನೋವಾಗುವ ಮಾತು ಆಡುವುದು, ಬರೆಯುವುದು, ಓದುವುದು ಮೂರೂ ಅಪರಾಧ ಎಂದು ಹೋದ ವಾರವಷ್ಟೇ ಆದೇಶ ಬಿದ್ದಿತ್ತು.

ಊರಿಗೆಲ್ಲ ಸುಣ್ಣ ಬಳಿಯುವ ಸುಣ್ಣದಕ್ಕ ಕುಂಚ ಅದ್ದಿ ಎಳೆದಳು. ಕಚೇರಿಯ ಗೋಡೆಗೆ ಇದ್ದಿಲಲ್ಲಿ ಬರೆದವಳೂ ಅವಳೇ: 'ನನ್ನ ಗಂಡ ಸತ್ತದ್ದು ಅಧ್ಯಕ್ಷರ ಮನೆಯ ಮಲದ ಗುಂಡಿಯಲ್ಲಿ. ಇಳಿಸಿದವರು ಯಾರು?' ಸರ್ಕಾರಿ ಕಾಗದದಲ್ಲಿ ಮಾತ್ರ ಅವನು ಕುಡಿದು ಕೆರೆಗೆ ಬಿದ್ದಿದ್ದ. ಹೆಣ ತೊಳೆದವಳು ಅವಳು. ಕೆರೆ ಯಾವುದು, ಹೇಲುಗುಂಡಿ ಯಾವುದು ಅಂತ ಅವಳಿಗೆ ಹೇಳಿಕೊಡಬೇಕೆ?

"ಹೋಯ್ತೇನೇ?"

"ಕಾಣ್ತಾ ಇದೆ ಸ್ವಾಮಿ. ಸುಣ್ಣ ಹಸಿ ಇರೋ ತನಕ ಒಳಗಿನದ್ದು ಕಾಣುತ್ತೆ, ಒಣಗಿದ್ಮೇಲೆ ಬೆಳ್ಳಗಾಗುತ್ತೆ. ಇನ್ನೆರಡು ಸಲ ಬಳೀಬೇಕು."

"ಒಂದೇ ಸಾಕು, ಮುಚ್ಚು ಬಾಯಿ. ಅಧ್ಯಕ್ಷರ ಕಾರು ಬರೋ ಹೊತ್ತಾಯ್ತು!"

ಗೋಡೆ ಒಣಗುವ ಮೊದಲೇ ಪೊಲೀಸರು ಅವಳನ್ನು ಎಳೆದೊಯ್ದರು.

ಕೋರ್ಟಿನಲ್ಲಿ ಅಧ್ಯಕ್ಷರ ವಕೀಲ ಗೋಡೆಬರಹಕ್ಕೆ ಸಾಕ್ಷಿ ಅಂತ ಒಂದು ಫೋಟೋ ಕೊಟ್ಟ. ಜಡ್ಜಮ್ಮ ಕನ್ನಡಕ ಏರಿಸಿ ನೋಡಿದರು.

"ಇದು ನಾಯಿ."

"ಹೌದು ತಾಯಿ. ಫೋಟೋ ತೆಗೆದವನು ಕಣ್ಣು ಮುಚ್ಕೊಂಡಿದ್ದ. ತೆರೆದಿದ್ರೆ ಓದಿದ ಹಾಗಾಗ್ತಿತ್ತು."

"ಏನು ಬರೆದಿತ್ತು, ಹೇಳಿ."

"ಅಯ್ಯೋ! ಹೇಳಿದ್ರೆ ನಾನೂ ಒಳಗೆ ಹೋಗ್ತೀನಿ! ಹೇಳದೇನೇ ಇವಳಿಗೆ ಮೂರು ವರ್ಷ ಹಾಕಿಬಿಡಿ ತಾಯಿ."

ಜಡ್ಜಮ್ಮ ಕಟಕಟೆ ಕಡೆ ತಿರುಗಿದರು. "ನೀನೇ ಹೇಳಮ್ಮ."

ಅವಳು ಹೇಳಿದಳು. ವಕೀಲ ಎರಡೂ ಕಿವಿಗೆ ಬೆರಳು ತುರುಕಿಕೊಂಡ. ಪೊಲೀಸರು ಟೋಪಿಯನ್ನು ಕಿವಿ ಮುಚ್ಚುವ ತನಕ ಎಳೆದುಕೊಂಡರು.

"ಪ್ರಶ್ನೆಗೆ ಉತ್ತರ ಕೊಡಬೇಕು ಕಣ್ರೀ, ಜೈಲಲ್ಲ," ಎಂದರು ಜಡ್ಜಮ್ಮ. "ಆದೇಶ ರದ್ದು. ಕುರ್ಚಿಯಲ್ಲಿ ಕೂತವರು ಜನರ ಬಾಯಿಗೆ ಬೀಗ ಹಾಕೋ ಹಾಗಿಲ್ಲ. ಸಾವಿನ ತನಿಖೆ ಮೊದಲಿಂದ ಆಗಲಿ." ವಕೀಲನ ಬೆರಳು ಇನ್ನೂ ಕಿವಿಯಲ್ಲೇ ಇದ್ದುದರಿಂದ ತೀರ್ಪನ್ನು ಎರಡು ಸಲ ಓದಬೇಕಾಯಿತು.

ಸುಣ್ಣದಕ್ಕ ಮತ್ತೆ ಕಚೇರಿಗೆ ಬಂದಾಗ ಮೇಸ್ತ್ರಿ ಹಲ್ಲು ಕಿರಿದ. "ಗೆದ್ದೆಯಲ್ಲ, ನಡಿ ಇನ್ನು. ಗೋಡೆ ಮೇಲೆ ಏನಿದೆ ಈಗ? ಮಣ್ಣು!"

ಜೊತೆಗೆ ಬಂದಿದ್ದ ನಾದಿನಿ ತುಂಬಿ ತಂದ ಕೊಡ ಎತ್ತಿ ಅಕ್ಕ ನೀರನ್ನು ಗೋಡೆಗೆ ರಾಚಿದಳು.

ಸುಣ್ಣ ನೀರು ಕುಡಿಯಿತು. ಇದ್ದಿಲ ಅಕ್ಷರ ಒಂದೊಂದಾಗಿ ಮೇಲೆ ಬಂತು. ಕಸ ಗುಡಿಸುವವರು ಪೊರಕೆ ಬಿಟ್ಟು ಸುತ್ತ ನೆರೆದರು.

"ಈಗ ಓದೋದು ತಪ್ಪಲ್ಲ ಸ್ವಾಮಿ," ಎಂದಳು ಅಕ್ಕ. "ತಿರುಗಿ. ಜೋರಾಗಿ ಓದಿ."

ಅಷ್ಟು ಜನ ನೋಡುತ್ತಿದ್ದಾರೆ. ಮೇಸ್ತ್ರಿ ಮೊದಲ ಸಲ ಗೋಡೆಗೆ ಮುಖ ಕೊಟ್ಟ. "ನನ್ನ ಗಂಡ ಸತ್ತದ್ದು..." ಎಂದು ಶುರು ಮಾಡಿದ. "ಇಳಿಸಿದವರು..." ಅವತ್ತು ಗುಂಡಿಯ ಬಾಯಲ್ಲಿ ನಿಂತು ಹಗ್ಗ ಹಿಡಿದಿದ್ದ ಕೈಯನ್ನು ಚಡ್ಡಿಗೆ ಒರೆಸಿಕೊಂಡ.

ಆಮೇಲೆ ತಲೆಯೆತ್ತಿ ಸೂರ್ಯನನ್ನು ನೋಡಿದ. ಬಿಸಿಲು ಜೋರಾಗಿತ್ತು. ಗೋಡೆಯ ಅಂಚು ಆಗಲೇ ಒಣಗಿ ಬೆಳ್ಳಗಾಗುತ್ತಿತ್ತು.

"ಇನ್ನೊಂದು ಕೊಡ ತಾರೇ," ಎಂದಳು ಅಕ್ಕ.