ಪ್ಯಾಕೆಟ್ಟಿನ ಮೇಲಿನ ಕೈ

"ಥೂ! ಏನ್ರೀ ಈ ಕೈ? ಕುಷ್ಠ ಹತ್ತಿದೋಳ ಥರ ಇದೆ! ಇದನ್ನ ನೋಡ್ಕೊಂಡು ಯಾವಳು ನನ್ ಪುಡಿ ಕೊಂಡ್ಕೋತಾಳೆ?"

ಬಟ್ಟೆ ಒಗೆಯುವ ಪುಡಿಯ ಕಾರ್ಖಾನೆಯ ಧಣಿ, ಗೋಡೆಯ ಪರದೆಯ ಮೇಲಿದ್ದ ಫೋಟೋಕ್ಕೆ ಬೆರಳು ಚುಚ್ಚಿ ಕೂಗಾಡುತ್ತಿದ್ದ. ಬ್ರ್ಯಾಂಡಿಂಗ್ ಕಂಪನಿಯ ಬಾಸ್ ಪಕ್ಕದಲ್ಲಿ ನಿಂತು ಹೌದಪ್ಪನ ಹಾಗೆ ತಲೆಯಾಡಿಸುತ್ತಿದ್ದ. ಮೇಜಿನ ತುದಿಯಲ್ಲಿ ಡಿಸೈನರ್ ಹುಡುಗಿ ಮೌಸಿನ ಮೇಲೆ ಕೈಯಿಟ್ಟು ತಲೆ ತಗ್ಗಿಸಿ ಕೂತಿದ್ದಳು. ಪರದೆಯ ಮೇಲೆ ಹಲ್ಲು ಬಿಟ್ಟು ನಗುತ್ತಿದ್ದ ಹೆಂಗಸು ಅವಳ ಹೆತ್ತ ತಾಯಿ ಅಂತ ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಫೋಟೋಗ್ರಾಫರ್ ಕಾರ್ಖಾನೆಗೆ ಹೋಗಿ, ಪುಡಿ ತುಂಬುವ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಫೋಟೋ ಹಿಡಿದುಕೊಂಡು ಬಂದಿದ್ದ. ಅಷ್ಟರಲ್ಲೂ ಧಣಿಗೆ ಹಿಡಿಸಿದ್ದು ಅಮ್ಮನ ನಗು. ಹುಡುಗಿಗೆ ಬೆವರು ಕಿತ್ತುಕೊಂಡು ಬಂದಿತ್ತು. ಕೆಲಸಕ್ಕೆ ಸೇರುವಾಗ ಯಾರೋ ಕೇಳಿದ್ದಕ್ಕೆ 'ಅಮ್ಮ ಟೀಚರ್' ಅಂದುಬಿಟ್ಟಿದ್ದಳು. ಈಗ ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

"ಮುಖ ಇರ್ಲಿ. ಬಡವರ ಮುಖ, ಜನಕ್ಕೆ ಹಿಡಿಸುತ್ತೆ. ಕೈ ಮಾತ್ರ ಬೇರೆ ಹಾಕ್ಸಿ," ಅಂದ ಧಣಿ.

"ಅದೇನ್ ಮಹಾ ಸಾರ್, ನಮ್ ಹುಡುಗಿ ಚಿಟಿಕೆ ಹೊಡೆಯೋದ್ರೊಳಗೆ ಮಾಡ್ತಾಳೆ," ಅಂದ ಬಾಸ್. ಧಣಿಯ ಕಾರು ಅತ್ತ ಹೋದದ್ದೇ ಇತ್ತ ತಿರುಗಿದ. "ಆ ಹೊಲಸು ಮುಂಡೇದರ ಕೈನ ಹಾಗೇ ಯಾಕೇ ತೋರ್ಸಿದೆ? ನನ್ ಮಾನ ತೆಗಿಯೋಕಾ? ಸಂಜೆ ಒಳಗೆ ಬದಲಾಗಿರ್ಬೇಕು, ಗೊತ್ತಾಯ್ತಾ?"

ಅವಳು ಹುಡುಕಿದಳು. ಕಂಪ್ಯೂಟರಿನಲ್ಲಿ ಕೊಳ್ಳಲು ಸಿಗುವ ಫೋಟೋಗಳಲ್ಲಿ ಕೈಗಳಿಗೇನು ಬರವೇ? ಆದರೆ ಎಲ್ಲವೂ ಹಾಲಿನಲ್ಲಿ ಅದ್ದಿ ತೆಗೆದಂಥವು. ಅಮ್ಮನ ತೋಳಿಗೆ ಅಂಟಿಸಿದರೆ ಕತ್ತರಿಸಿ ಹೊಲಿದ ಹಾಗೆ ಕಾಣುತ್ತಿದ್ದವು. ಬಣ್ಣ ಇಳಿಸಿದರೆ ಮಸಿ ಬಳಿದ ಹಾಗೆ. ಕೊನೆಗೆ ಬೇಸತ್ತು, ಕಿಟಕಿಯ ಬೆಳಕಿಗೆ ತನ್ನದೇ ಕೈ ಒಡ್ಡಿ, ಫೋನಿನಲ್ಲಿ ಫೋಟೋ ತೆಗೆದು ಅಂಟಿಸಿದಳು. ಮಣಿಕಟ್ಟಿನ ಹತ್ತಿರ ಒಂದು ಗೆರೆಯೂ ಕಾಣದಂತೆ ಕೂತುಬಿಟ್ಟಿತು. ಕೂರದೆ ಏನು, ಅದೇ ರಕ್ತ, ಅದೇ ಬಣ್ಣ. ಕೆಳಗೆ 'ಅಮ್ಮನ ಕೈಯಷ್ಟು ಮೃದು' ಅಂತ ದುಂಡನೆಯ ಅಕ್ಷರದಲ್ಲಿ ಬರೆದಳು. ಬಾಸ್ ಶಭಾಷ್ ಅಂದ.

ಆ ಕೈ ಅಷ್ಟು ನುಣ್ಣಗೆ ಉಳಿದದ್ದೇನು ಸುಮ್ಮನೆಯೇ? ಅಮ್ಮ ಅವಳಿಗೆ ಒಂದು ಲೋಟ ತೊಳೆಯಲೂ ಬಿಟ್ಟವಳಲ್ಲ. "ನಂದು ಹಾಳಾಗಿದ್ದು ಸಾಕು, ನೀನು ಪೆನ್ಸಿಲ್ ಹಿಡಿ ಹೋಗು" ಅನ್ನುತ್ತಿದ್ದಳು. ಪುಡಿಯ ಕ್ಷಾರಕ್ಕೆ ಅಮ್ಮನ ಬೆರಳಸಂದಿಗಳೆಲ್ಲ ಬಿರಿದು, ಉಗುರು ಎದ್ದು, ಉಪ್ಪು ತಾಗಿದರೆ ಜೀವ ಹೋಗುತ್ತದೆಂದು ಅವಳು ಚಮಚ ಹಿಡಿದು ಉಣ್ಣುತ್ತಿದ್ದಳು. ಗ್ಲೌಸ್ ಕೊಡಿ ಅಂತ ಹೆಂಗಸರು ಕೇಳಿದರೆ ಸೂಪರ್‌ವೈಸರ್, "ಯಾಕೆ, ಹಸೆಮಣೆ ಏರ್ಬೇಕಾ ಎಲ್ಲಾರೂ? ಮುಚ್ಕೊಂಡ್ ತುಂಬ್ರೇ" ಅನ್ನುತ್ತಿದ್ದ.

ಹೊಸ ಪ್ಯಾಕೆಟ್ಟು ಅಚ್ಚಾಗಿ ಬರುವ ಹೊತ್ತಿಗೆ, ಕೊನೆಗೆ ಹೆಂಗಸರೆಲ್ಲ ಸೇರಿ ದೂರು ಕೊಟ್ಟರು. ಕಾರ್ಮಿಕ ಇಲಾಖೆಯ ಅಧಿಕಾರಿ ಕಾರ್ಖಾನೆಗೆ ಬಂದ. ಅವತ್ತು ಸಂಜೆ ಅಮ್ಮ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು ಗೋಡೆಗೊರಗಿ ಕೂತಳು.

"ಏನಾಯ್ತಮ್ಮಾ?"

"ಆಗೋದೇನು. ಎಲ್ಲಾರೂ ನನ್ನ ಮುಂದೆ ತಳ್ಳಿದ್ರು, ಕೈ ಚಾಚ್ದೆ. ಆ ಸೂಪರ್‌ವೈಸರ್ ಬೋಳಿಮಗ ಹೊಸ ಪ್ಯಾಕೆಟ್ ತಂದು ಮೇಜಿನ ಮೇಲಿಟ್ಟ. 'ನೋಡಿ ಸಾರ್, ಇದೇ ಹೆಂಗಸು, ಮೊನ್ನೆ ಮೊನ್ನೆ ತೆಗೆದ ಫೋಟೋ. ಕೈ ಎಷ್ಟು ಚೆನ್ನಾಗಿದೆ ನೋಡಿ. ಮನೇಲಿ ಏನ್ ಮೆತ್ಕೊಂಡ್ಳೋ, ತಂದು ನಮ್ ತಲೆಗೆ ಕಟ್ತಾವ್ಳೆ' ಅಂದ. ಅಧಿಕಾರಿ, 'ಫೋಟೋ ನಿಂದೇನಮ್ಮಾ?' ಅಂದ."

"ನೀನೇನಂದೆ?"

"ನಂದೇ ಅಂದೆ."

"ಅಯ್ಯೋ! ಕೈ ನಿಂದಲ್ಲ ಅನ್ನಬಾರ್ದಿತ್ತಾ?"

"ಮತ್ತೆ ಯಾರ್ದು ಅಂತ ಕೇಳಿದ್ರೆ?" ಅಮ್ಮ ತಲೆಯೆತ್ತಿದಳು. "ಹೆತ್ತೋಳಿಗೆ ಗೊತ್ತಾಗಲ್ವೇನೇ? ಆ ಕೈ ಹಿಡ್ಕೊಂಡು ನಡೆಸಿದ್ದು ನಾನು. ಕಂಡ ಕೂಡ್ಲೇ ಎದೆ ಝಲ್ ಅಂತು. ಬಾಯ್ಬಿಟ್ರೆ ನಿನ್ ಕೆಲಸ ಹೋಗುತ್ತೆ ಅಂತ ಸುಮ್ನೆ ನಿಂತೆ. ಹೊರಗೆ ಬಂದ್ರೆ ಜೊತೆ ಹೆಂಗಸ್ರೆಲ್ಲ ಕ್ಯಾಕರಿಸಿ ಉಗುದ್ರು. 'ಪ್ಯಾಕೆಟ್ಟಿಗೆ ಮುಖ ಮಾರ್ಕೊಂಡ ಲೌಡಿ' ಅಂದ್ರು. ನಾಳೆ ಅಧಿಕಾರಿ ಆಫೀಸಲ್ಲಿ ದೂರು ಮುಚ್ಚಾಕ್ತಾರಂತೆ."

ಅಮ್ಮ ಅವಳಿಗೆ ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಬೆಳಿಗ್ಗೆ ಅವಳು ಕೆಲಸಕ್ಕೆ ಹೋಗಲಿಲ್ಲ. ಅಮ್ಮನ ಜೊತೆ ಅಧಿಕಾರಿಯ ಕೋಣೆಗೆ ನುಗ್ಗಿದಳು. ಬಾಗಿಲ ಹತ್ತಿರ ಹೆಂಗಸರು ಮುಖ ಗಂಟಿಕ್ಕಿ ನಿಂತಿದ್ದರು. ಧಣಿಯೂ ಸೂಪರ್‌ವೈಸರನೂ ಕುರ್ಚಿಯಲ್ಲಿ ಕಾಲು ಚಾಚಿ ಅಧಿಕಾರಿಯ ಜೊತೆ ಚಹಾ ಕುಡಿಯುತ್ತಿದ್ದರು. ನಡುವೆ ಮೇಜಿನ ಮೇಲೆ ಪ್ಯಾಕೆಟ್ಟು.

"ಏಯ್, ನೀನು ಆ ಡಿಸೈನ್ ಹುಡುಗಿ ಅಲ್ವಾ?" ಅಂದ ಧಣಿ.

ಅವಳು ಪ್ಯಾಕೆಟ್ಟಿನ ಪಕ್ಕದಲ್ಲಿ ಕೈ ಊರಿದಳು.

"ಈ ಫೋಟೋದಲ್ಲಿರೋ ಕೈ ನಂದು ಸಾರ್. ಇವರು ಹೇಳಿದ್ರು, ನಾನೇ ಅಂಟಿಸ್ದೆ. ಪಕ್ಕದಲ್ಲಿಟ್ಟು ನೋಡ್ಕೊಳ್ಳಿ."

ಧಣಿಯ ಮುಖ ಕೆಂಪೇರಿತು. "ಬೇವರ್ಸಿ! ನನ್ ಕೆಲಸದಿಂದ ಹೊಟ್ಟೆ ಹೊರ್ಕೊಂಡು ನನಗೇ ಗುಂಡಿ ತೋಡ್ತೀಯಾ?"

"ನನ್ ಹೊಟ್ಟೆ ಹೊರೆದಿದ್ದು ನೀನಲ್ಲ ಕಣಯ್ಯಾ, ಇವಳು. ಇವಳು ನನ್ನಮ್ಮ."

ಅವಳ ಚೀಲದಲ್ಲಿ ಫೋನು ಬಡಿದುಕೊಳ್ಳತೊಡಗಿತು. ಬಾಸೇ ಇರಬೇಕು. ಅವಳು ಎತ್ತಲಿಲ್ಲ.

"ಫೋಟೋ ವಿಚಾರ ಬೇರೆ, ದೂರಿನ ವಿಚಾರ ಬೇರೆ. ಇದನ್ನೆಲ್ಲ ಮೇಲಿನವರಿಗೆ ಕೇಳ್ಬೇಕಾಗುತ್ತೆ," ಅಂತ ಅಧಿಕಾರಿ ಗೊಣಗಿದ. ಅಮ್ಮ ಮುಂದೆ ಬಂದು ಮಗಳ ಕೈಯ ಪಕ್ಕದಲ್ಲಿ ತನ್ನ ಕೈ ಇಟ್ಟಳು. ಆಮೇಲೆ, ಲೌಡಿ ಅಂದಿದ್ದ ಹೆಂಗಸೇ ಮೊದಲು ಬಂದು ತನ್ನದನ್ನೂ ಇಟ್ಟಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಬಿರಿದ ಕೈ, ಕೀವು ಕಟ್ಟಿದ ಕೈ, ಉಗುರಿಲ್ಲದ ಕೈ. ಮೇಜಿನ ಮೇಲೆ ಜಾಗ ಸಾಲದೆ ಅಧಿಕಾರಿ ಚಹಾ ಲೋಟವನ್ನು ತೊಡೆಯ ಮೇಲಿಟ್ಟುಕೊಂಡ.

"ತೆಗೀರೇ ಕೈ! ಕಾಗದಕ್ಕೆಲ್ಲ ರಸಿ ಹತ್ತುತ್ತೆ!" ಅಂತ ಸೂಪರ್‌ವೈಸರ್ ಕಿರುಚಿದ.

ಯಾರೂ ತೆಗೆಯಲಿಲ್ಲ.